ಸಹಾಯ ಬೇಕು: ದೋಣಿ ಮೋಟರ್‌ಗೆ ಇಂಪೆಲ್ಲರ್ (ನೀರಿನ ಪಂಪಿನ ರಬ್ಬರ್ ಚಕ್ರ), ಹುಬ್ಬಳ್ಳಿ ಸುತ್ತಮುತ್ತ

ನಮಸ್ಕಾರ್ರಿ. ಬಾಡಿಗೆಗೆ ಬಿಡೋ ಫೈಬರ್ ದೋಣಿದು 9.9 ಎಚ್‌ಪಿ ಟೂ-ಸ್ಟ್ರೋಕ್ ಔಟ್‌ಬೋರ್ಡ್ ಮೋಟರ್ ಭಾಳ ಬಿಸಿ ಆಗಾಕತ್ತೈತಿ. ಚಾಲೂ ಮಾಡಿದ್ರ ಹಿಂದಿನ ಸಣ್ಣ ತೂತಿನಿಂದ ಜೋರಾಗಿ ಚಿಮ್ಮಬೇಕಾದ, ಮೋಟರ್ ತಂಪು ಮಾಡೋ ನೀರು ಬರೇ ತೊಟ್ಟಿಕ್ಕತೈತಿ. ನೀರು ಎಳಕೊಳ್ಳೋ ಜಾಲರಿಗೆ ಸಿಕ್ಕ ಜಲಕಳೆ ತೆಗೆದಾತು, ತೂತಿಗೆ ತೆಳು ತಂತಿ ಹಾಕಿ ನೋಡಿದ್ದಾತು, ಫರಕ್ ಇಲ್ಲ. ಆಯಿಲ್ ಅಳತಿ ಸರಿ ಐತಿ: ಲೀಟರ್ ಪೆಟ್ರೋಲಿಗೆ 20 ಎಂ.ಎಲ್. ಅಂದಮ್ಯಾಲೆ ಇಂಪೆಲ್ಲರ್‌ದು ರಬ್ಬರ್ ರೆಕ್ಕಿ ಹೋಗಿರಬೇಕು. ಬ್ಯಾಸಗಿ ಒಳಗ ನೀರು ಇಳಿದಾಗ ಕೆಸರು, ಮರಳು ಎಳೆದು ಅದು ಲಗೂನ ಸವಿತೈತಿ. (ನೀರಿಲ್ಲದ ಚಾಲೂ ಮಾಡಿ ತೋರಿಸೋ ಮಂದಿ ಬ್ಯಾರೆ ಇರ್ತಾರ, ಕೆಲವೇ ಸೆಕೆಂಡಿನಾಗ ರೆಕ್ಕಿ ಸುಡತೈತಿ.)

ತೊಡಕು ಏನಂದ್ರ, ಇಂಪೆಲ್ಲರ್ ತೆಗೆಯಾಕಂತ ಮೋಟರಿನ ಕೆಳಭಾಗದ ಗೇರ್‌ಕೇಸ್ ಬಿಚ್ಚುವಾಗ ಒಂದು ಬೋಲ್ಟಿನ ತಲಿ ಮುರಿದು ದಂಡಿ ಒಳಗ ಉಳದೈತಿ. ಸುತ್ತ ಅಲ್ಯೂಮಿನಿಯಂ, ಬಡದ್ರ ಸೀಳತೈತಿ. ನಡುಮಧ್ಯ ಡ್ರಿಲ್ ಹಾಕಿ, ಥ್ರೆಡ್ ಕೆಡದಂಗ ತೆಗೆಯೋ ಲೇಥ್‌ನವರು ಗೋಕುಲ ರೋಡ್ ಕಡೆ ಯಾರರ ಇದ್ದಾರೇನ್ರಿ?

ಗ್ಯಾಸ್ಕೆಟ್, ಶಾಫ್ಟ್ ಕೀ ಸಮೇತ ಪೂರಾ ಇಂಪೆಲ್ಲರ್ ಕಿಟ್ ಹುಬ್ಬಳ್ಳಿ ಇಲ್ಲಾ ಗದಗಿನಾಗ ಸಿಗತೈತೇನು, ಕಾರವಾರದಿಂದನ ತರಸಬೇಕೋ? ಹರಿದ ರೆಕ್ಕಿ ತುಂಡು ಮ್ಯಾಲಿನ ನೀರಿನ ಕೊಳವ್ಯಾಗ ಕುಂತಿದ್ರ, ಎಂಜಿನ್ನಿನ ಮ್ಯಾಲಿನ ಹೆಡ್ ಬಿಚ್ಚದ ತೆಗೆಯೋ ದಾರಿ ಗೊತ್ತಿದ್ದವರೂ ತಿಳಸ್ರಿ.