ಬಾಡಿಗೆಯ ಹೆಂಚಿನ ಮನೆಗೆ ಮೊಳೆ ಹೊಡೆಯದೆ, ಕಡಿಮೆ ಖರ್ಚಿನಲ್ಲಿ ಅಲಂಕಾರ: ಸಲಹೆ ಬೇಕಾಗಿದೆ

ಹೆಂಚಿನಮನೆ (ಚಿಕ್ಕಮಗಳೂರು) ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ವರ್ಗಾವಣೆಯ ಕಾರಣ ನಾವು ಬಳ್ಳಾರಿಯಿಂದ ಚಿಕ್ಕಮಗಳೂರಿಗೆ ಬಂದು, ಹಳೆಯ ಬಡಾವಣೆಯೊಂದರಲ್ಲಿ ಮಂಗಳೂರು ಹೆಂಚಿನ ಮನೆಯನ್ನು ಬಾಡಿಗೆಗೆ ಹಿಡಿದಿದ್ದೇವೆ. ಗೋಡೆಗಳು ಮಣ್ಣಿನವು, ಮೇಲೆ ಗಾರೆ ಗಿಲಾವು ಮತ್ತು ಸುಣ್ಣ. ನೆಲಕ್ಕೆ ರೆಡ್ ಆಕ್ಸೈಡ್. ಮನೆ ನಮಗೆಲ್ಲ ಹಿಡಿಸಿದೆ. ಆದರೆ ನಡುಮನೆಯ ಉದ್ದನೆಯ ಗೋಡೆ ಬೋಳುಬೋಳಾಗಿ ಕಾಣುತ್ತದೆ, ದೀಪವೂ ಸಪ್ಪೆ. ಮಾಲೀಕರು ಹಿರಿಯರು, ಗೋಡೆಗೆ ಮೊಳೆ ಹೊಡೆಯಬಾರದು, ಸುಣ್ಣದ ಮೇಲೆ ಪೇಂಟ್ ಬಳಿಯಬಾರದು ಎಂದು ಮೊದಲೇ ಹೇಳಿದ್ದಾರೆ.

ಹಿಂಬದಿಯಲ್ಲಿ ಅಂಟಿರುವ ವಾಲ್‌ಪೇಪರ್ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತಿದೆ. ಅದು ಇಲ್ಲಿನ ಮಳೆಗಾಲಕ್ಕೆ ನಿಲ್ಲುತ್ತದೆಯೇ? ಇಲ್ಲವಾದರೆ ಈ ಕಡೆ ಸುಲಭವಾಗಿ ಸಿಗುವ ವಸ್ತುಗಳಿಂದಲೇ ಏನಾದರೂ ಮಾಡಬಹುದೇ? ಒಟ್ಟು ಖರ್ಚು 2,000 ರೂಪಾಯಿ ಮೀರಬಾರದು ಎಂಬುದು ನಮ್ಮ ಲೆಕ್ಕ. ನಮ್ಮ ಅತ್ತೆಯವರ ಹೊಲಿಗೆಯ ಕೈ ಚೆನ್ನಾಗಿದೆ. ಅವರಿಗೂ ಒಂದು ಕೆಲಸ ಸಿಕ್ಕಿದರೆ ಸಂತೋಷ.

ತೋಟದವರು (ಮೂಡಿಗೆರೆ) ಉತ್ತರಿಸಿದ್ದಾರೆ:

ನಮಸ್ಕಾರ. ವಾಲ್‌ಪೇಪರಿನ ಆಲೋಚನೆಯನ್ನು ದಯವಿಟ್ಟು ಕೈಬಿಡಿ. ಮಣ್ಣಿನ ಗೋಡೆಯೂ ಸುಣ್ಣವೂ ಮಳೆಗಾಲದಲ್ಲಿ ತೇವವನ್ನು ಹೀರಿಕೊಂಡು, ಹೊಳವಾದಾಗ (ಮಳೆ ಬಿಟ್ಟಾಗ) ಅದನ್ನು ಹೊರಗೆ ಬಿಡುತ್ತವೆ. ಅದರ ಮೇಲೆ ಪಿವಿಸಿ ಶೀಟು ಅಂಟಿಸಿದರೆ ತೇವಕ್ಕೆ ಹೊರಹೋಗುವ ದಾರಿ ಮುಚ್ಚಿ, ಶೀಟಿನ ಹಿಂದೆ ಬೂಸ್ಟು ಬೆಳೆಯುತ್ತದೆ. ಕೀಳಲು ಹೋದರೆ ಸುಣ್ಣದ ಚಕ್ಕೆಯೂ ಜೊತೆಗೇ ಬರುವುದರಿಂದ ಮಾಲೀಕರ ಮುಂದೆ ತಲೆತಗ್ಗಿಸಬೇಕಾಗುತ್ತದೆ. ಅಂಟಿಸುವ ಪ್ಲಾಸ್ಟಿಕ್ ಕೊಕ್ಕೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವು ಟೈಲ್ಸಿನ ಮೇಲೆ ನಿಲ್ಲುತ್ತವೆಯೇ ಹೊರತು ಸುಣ್ಣದ ಮೇಲೆ ನಿಲ್ಲುವುದಿಲ್ಲ. ಮಲೆನಾಡಿನ ಮನೆಯಲ್ಲಿ ಏನನ್ನು ಮಾಡಿದರೂ ಗೋಡೆಗೆ ತಾಗದಂತೆ, ಹಿಂದೆ ಗಾಳಿಯಾಡುವಂತೆ, ಬೇಕೆಂದಾಗ ಇಳಿಸಿ ಒಣಗಿಸಲು ಬರುವಂತೆ ಮಾಡಬೇಕು. ಉಳಿದದ್ದೆಲ್ಲ ಅದರ ನಂತರದ ಮಾತು.

ನಿಮ್ಮ ಮನೆಯ ಮಾಡನ್ನು ಒಮ್ಮೆ ನೋಡಿ. ಪಕಾಸಿಗಳು (ಮಾಡಿನ ಇಳಿಜಾರಿನ ಮರದ ಪಟ್ಟಿಗಳು) ಕಾಣುತ್ತಿದ್ದರೆ ನಿಮಗೆ ಮೊಳೆಯೇ ಬೇಡ. ಎರಡು ಪಕಾಸಿಗಳಿಗೆ ಗಟ್ಟಿ ಹಗ್ಗ ಕಟ್ಟಿ ಕೆಳಗಿಳಿಸಿ, ಗೋಡೆಯಿಂದ ನಾಲ್ಕು ಬೆರಳು ಅಂತರದಲ್ಲಿ ಅಡ್ಡಲಾಗಿ ಒಂದು ಗಳವನ್ನು ತೂಗಬಿಡಿ. ಬಟ್ಟೆ, ಚಿತ್ರ, ಸಣ್ಣ ಹೂಕುಂಡ, ಏನೇ ಇದ್ದರೂ ಆ ಗಳದಿಂದಲೇ ಇಳಿಬಿಡಬಹುದು. ಅತ್ತೆಯವರು ಹಳೆಯ ಇಳಕಲ್ ಸೀರೆಯ ಸೆರಗನ್ನು ಕತ್ತರಿಸಿ, ಮೇಲ್ತುದಿಗೆ ಗಳ ತೂರುವಷ್ಟು ಅಗಲದ ಮಡಿಕೆ ಹೊಲಿದು, ಕೆಳತುದಿಯ ಮಡಿಕೆಯೊಳಗೆ ತೆಳುವಾದ ಕೋಲೊಂದನ್ನು ಸೇರಿಸಿದರೆ ಬಟ್ಟೆ ಸುಕ್ಕಿಲ್ಲದೆ ನೇರವಾಗಿ ನಿಲ್ಲುತ್ತದೆ. ಬೋಳು ಗೋಡೆಗೆ ಇದಕ್ಕಿಂತ ಅಗ್ಗದ ಉಪಾಯ ನನಗೆ ಗೊತ್ತಿಲ್ಲ.

ಗಳಕ್ಕೆ ಬಿದಿರಿಗಿಂತ ಕಾಫಿ ಗಿಡದ ಕಾಂಡ ಚೆಂದ. ಸಂಸ್ಕರಿಸದ ಬಿದಿರಿನಲ್ಲಿ ಪಿಷ್ಟ ಹೆಚ್ಚಾಗಿರುವುದರಿಂದ ಕುಟ್ಟೆ (ಮರ ಕೊರೆಯುವ ಹುಳು) ಹಿಡಿದು, ಕೆಳಗೆ ಪುಡಿ ಉದುರತೊಡಗುತ್ತದೆ. ಕಾಫಿ ಕಾಂಡ ತಂದರೂ ರೊಬಸ್ಟಾ ಜಾತಿಯದ್ದನ್ನೇ ಕೇಳಿ ತನ್ನಿ. ಅರೇಬಿಕಾ ಕಾಂಡದಲ್ಲಿ ಬಿಳಿ ಕಾಂಡಕೊರಕ ಇರಬಹುದು. ನಾವು ತೋಟದವರು ಬೋರರ್ ಎನ್ನುವ ಈ ಹುಳು ಹೊಕ್ಕಿದ್ದರೆ ಕಾಂಡದ ತೊಗಟೆಯ ಮೇಲೆ ಉಂಗುರದಂತೆ ಉಬ್ಬುಗಳು ಕಾಣುತ್ತವೆ. ಅಂಥ ಗಿಡಗಳನ್ನು ಏಪ್ರಿಲ್-ಮೇ ಮತ್ತು ಅಕ್ಟೋಬರ್-ಡಿಸೆಂಬರ್‌ನಲ್ಲಿ ದುಂಬಿ ಹೊರಬೀಳುವ ಮೊದಲೇ ಕಿತ್ತು ಸುಡಬೇಕು. ಯಾರಾದರೂ ಅಲಂಕಾರಕ್ಕೆಂದು ಅದನ್ನು ಧರ್ಮಕ್ಕೆ ಕೊಟ್ಟರೂ ಮನೆಗೆ ತರಬೇಡಿ. ಪಕ್ಕದಲ್ಲಿ ಯಾರದಾದರೂ ತೋಟವಿದ್ದರೆ ಅವರಿಗೆ ನಷ್ಟ.

ಕಾಂಡ ಹಸಿಯಿರುವಾಗಲೇ ತೊಗಟೆ ತೆಗೆಯಬೇಕು. ಕತ್ತಿಯ ಮೊಂಡು ಬೆನ್ನಿನಿಂದ ಮೇಲಿನಿಂದ ಕೆಳಕ್ಕೆ ಎಳೆದರೆ ಪಟ್ಟಿಪಟ್ಟಿಯಾಗಿ ಸುಲಿದು ಬರುತ್ತದೆ, ಒಳಗಿನ ಮರ ಒದ್ದೆಯಾಗಿ, ಹಾಲುಬಿಳುಪಾಗಿ ಕಾಣುತ್ತದೆ. ಒಣಗಲು ಬಿಟ್ಟ ಮೇಲೆ ಅದೇ ತೊಗಟೆ ಕಚ್ಚಿಕೊಂಡು ಕೂರುತ್ತದೆ. ಸುಲಿದ ಕೂಡಲೇ ಎರಡೂ ತುದಿಗಳಿಗೆ ದಪ್ಪವಾಗಿ ಫೆವಿಕಾಲ್ ಬಳಿದು ನೆರಳಿನಲ್ಲಿ ಒಣಗಿಸಿ. ಇಲ್ಲದಿದ್ದರೆ ತುದಿಗಳು ಬೇಗ ಒಣಗಿ ಸೀಳುತ್ತವೆ. ಪೂರ್ತಿ ಒಣಗಿದ ಮೇಲೆ 80, 120, 220 ನಂಬರಿನ ಉಪ್ಪುಕಾಗದದಿಂದ ಕ್ರಮವಾಗಿ ಉಜ್ಜಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಲಿನ್‌ಸೀಡ್ ಎಣ್ಣೆಯನ್ನು ತೆಳುವಾಗಿ ಹಚ್ಚಿ. ಎಣ್ಣೆ ಹಚ್ಚಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯಾದ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳುವ ಅಪಾಯವಿದೆ. ಅಂಗಳದಲ್ಲಿ ಬಿಡಿಸಿ ಹರವಿ ಒಣಗಿಸಿದ ನಂತರವೇ ಎಸೆಯಿರಿ.

ಸಂತೆಪೇಟೆ (ಹಾಸನ) ಉತ್ತರಿಸಿದ್ದಾರೆ:

ಮೂಡಿಗೆರೆಯವರು ಹೇಳಿದ್ದು ಬಹುಮಟ್ಟಿಗೆ ಸರಿಯೇ. ಆದರೆ ಚಿಕ್ಕಮಗಳೂರು ನಗರದಲ್ಲಿ ಶೃಂಗೇರಿ, ಕೊಪ್ಪದಷ್ಟು ಮಳೆ ಬೀಳುವುದಿಲ್ಲ. ಅಲ್ಲಿಂದ ಈಶಾನ್ಯಕ್ಕೆ ಕಡೂರಿನ ಕಡೆ ಹೊರಟರೆ ಬಯಲುಸೀಮೆಯೇ ಬಂದುಬಿಡುತ್ತದೆ. ಆದ್ದರಿಂದ ಅಷ್ಟೊಂದು ಹೆದರಬೇಕಾಗಿಲ್ಲ, ಗೋಣಿಚೀಲವನ್ನೂ ಬಳಸಬಹುದು ಎಂಬುದು ನನ್ನ ಅಭಿಪ್ರಾಯ. ನಮ್ಮ ಹಾಸನದಲ್ಲಿ ಆಲೂಗಡ್ಡೆಯ ಚೀಲ, ನಿಮ್ಮಲ್ಲಿ ಕಾಫಿ ಬೀಜ ಹದಮಾಡುವ ಕ್ಯೂರಿಂಗಿನ ಚೀಲ, ಎರಡೂ ಕಡಿಮೆ ಬೆಲೆಗೆ ಸಿಗುತ್ತವೆ. ಸೋಪಿನ ನೀರಿನಲ್ಲಿ ನೆನೆಸಿ ತೊಳೆದು, ಕಡು ಬಿಸಿಲಿನಲ್ಲಿ ಒಣಗಿಸಿದರೆ ವಾಸನೆ ಹೋಗುತ್ತದೆ. ಕತ್ತರಿಸುವ ಮೊದಲು, ಕತ್ತರಿಸುವ ಗೆರೆಯ ಇಬ್ಬದಿಗೂ ಮಿಷನ್ ಹೊಲಿಗೆ ಹಾಕಿಸಿಕೊಳ್ಳಿ. ಇಲ್ಲದಿದ್ದರೆ ಎಳೆಗಳು ಬಿಚ್ಚಿಕೊಳ್ಳುತ್ತಲೇ ಹೋಗುತ್ತವೆ. ದಿಂಬಿನ ಕವರಿಗೆ, ಬಾಗಿಲ ಪರದೆಯ ಅಂಚಿಗೆ ಇದು ಒಪ್ಪುತ್ತದೆ.

ಅದರ ಮೇಲೆ ಚಿತ್ರ ಮೂಡಿಸಲು ದುಬಾರಿ ಅಚ್ಚು ಬೇಡ. ಮನೆಯಲ್ಲಿ ಹಳೆಯ ಎಕ್ಸ್‌ರೇ ಫಿಲ್ಮ್ ಇದ್ದೇ ಇರುತ್ತದೆ. ಅದರ ಮೇಲೆ ವಿನ್ಯಾಸ ಬರೆದು ಬ್ಲೇಡಿನಿಂದ ಕೊರೆದರೆ ಗಟ್ಟಿಯಾದ ಸ್ಟೆನ್ಸಿಲ್ ಸಿದ್ಧ. ವಿನ್ಯಾಸಕ್ಕಂತೂ ನಮ್ಮ ಕಡೆ ಬರವಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ತಳಭಾಗದಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹಗಳು, ಅದರ ಮೇಲೆ ಬಳ್ಳಿಯ ಸುರುಳಿ, ಕುದುರೆಗಳು ಹೀಗೆ ಪಟ್ಟಿಕೆಗಳು ಸುತ್ತುವರಿದಿವೆ. ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಬೇಲೂರಿನ ಶಿಲಾಬಾಲಿಕೆಯರನ್ನು ಎಲ್ಲರೂ ಗೋಡೆಗೆ ತರಲು ಹೊರಟಿದ್ದಾರೆ. ಆ ಸೂಕ್ಷ್ಮ ಕೆತ್ತನೆ ಸ್ಟೆನ್ಸಿಲ್ಲಿಗೆ ಬಗ್ಗುವುದಿಲ್ಲ. ಬಳ್ಳಿಯ ಸುರುಳಿಯ ಪಟ್ಟಿಕೆ ಮಾತ್ರ ಹೇಳಿ ಮಾಡಿಸಿದಂತಿದೆ. ಫೋಟೋ ತೆಗೆದುಕೊಂಡು ಒಂದೇ ಸುರುಳಿಯನ್ನು ಕೊರೆದು, ಸ್ಟೆನ್ಸಿಲ್ಲನ್ನು ಸರಿಸುತ್ತ ಹೋದರೆ ಪಟ್ಟಿಕೆ ತಾನಾಗಿ ಬೆಳೆಯುತ್ತದೆ. ಬಣ್ಣವನ್ನು ಸ್ಪಂಜಿನ ತುಂಡಿಗೆ ಅದ್ದಿ, ಹೆಚ್ಚಾದದ್ದನ್ನು ಪೇಪರಿಗೆ ಒತ್ತಿ ತೆಗೆದ ಮೇಲೆ ತಟ್ಟಬೇಕು. ಬ್ರಷ್ಷಿನಿಂದ ಬಳಿದರೆ ಅಂಚಿನ ಕೆಳಗೆ ಬಣ್ಣ ನುಗ್ಗುತ್ತದೆ.

ತೋಟದವರು (ಮೂಡಿಗೆರೆ):

ಸಂತೆಪೇಟೆಯವರೇ, ಸ್ಟೆನ್ಸಿಲ್ಲಿನ ವಿಚಾರ ಬಹಳ ಒಳ್ಳೆಯದು. ಗೋಣಿಯ ವಿಷಯದಲ್ಲಿ ಮಾತ್ರ ನನ್ನ ಒಪ್ಪಿಗೆ ಇಲ್ಲ. ಹಾಸನದ ಬಿಸಿಲು ಬೇರೆ. ಆಷಾಢದ ಜಡಿಮಳೆಯಲ್ಲಿ ಮಣ್ಣಿನ ಗೋಡೆಯ ಮನೆಯೊಳಗೆ ಸೆಣಬು ಮುಗ್ಗು ವಾಸನೆ ಹಿಡಿಯುತ್ತದೆ. ಗೋಣಿಯ ಬದಲು ಹತ್ತಿ ಬಟ್ಟೆಯ ಮೇಲೆ ಅದೇ ಚಿತ್ರ ತೆಗೆಯಲಿ, ತೊಳೆಯಲೂ ಸುಲಭ.

ಹೆಂಚಿನಮನೆ (ಚಿಕ್ಕಮಗಳೂರು):

ಇಬ್ಬರಿಗೂ ಧನ್ಯವಾದಗಳು. ಪಕಾಸಿಗಳು ಕಾಣುತ್ತವೆ, ಆದ್ದರಿಂದ ತೂಗುಗಳದ ಉಪಾಯವನ್ನೇ ಹಿಡಿಯುತ್ತೇವೆ. ಗೋಣಿ ಬಿಟ್ಟು ಹತ್ತಿ ಬಟ್ಟೆಯನ್ನೇ ಬಳಸುತ್ತೇವೆ. ಇನ್ನು ದೀಪದ ಮಾತು ಉಳಿಯಿತು. ಅಡಿಕೆ ಹಾಳೆಯಿಂದ (ಅಡಿಕೆ ಸೋಗೆಯ ಬುಡದ ಅಗಲವಾದ ಪೊರೆಯಿಂದ) ದೀಪದ ಮುಸುಕು ಮಾಡಬಹುದೆಂದು ಕಚೇರಿಯಲ್ಲಿ ಒಬ್ಬರು ಹೇಳಿದರು. ಬೆಂಕಿಯ ಭಯವಿಲ್ಲವೇ?

ಹಾಳೆಟೋಪಿ (ಕೊಪ್ಪ) ಉತ್ತರಿಸಿದ್ದಾರೆ:

ಖಂಡಿತ ಮಾಡಬಹುದು, ಆದರೆ ಎಲ್‌ಇಡಿ ಬಲ್ಬಿಗೆ ಮಾತ್ರ. ಹಳೆಯ ಕಾಲದ 60 ವ್ಯಾಟಿನ ತಂತಿಯ ಬಲ್ಬು ಸುಡುಸುಡು ಬಿಸಿಯಾಗುತ್ತದೆ. ಅದನ್ನು ಹಾಳೆಯೊಳಗೆ ಇಡುವ ಮಾತೇ ಬೇಡ. 5 ಅಥವಾ 7 ವ್ಯಾಟಿನ, ಹಳದಿ ಬೆಳಕಿನ ಎಲ್‌ಇಡಿ ಸಾಕು. ಅದರ ಬುಡವೂ ಬೆಚ್ಚಗಾಗುವುದರಿಂದ ಮುಸುಕಿನ ಮೇಲ್ಭಾಗವನ್ನು ತೆರೆದೇ ಬಿಟ್ಟು, ಬಲ್ಬಿಗೂ ಹಾಳೆಗೂ ನಡುವೆ ಒಂದು ಗೇಣು ಅಂತರವಿರುವಂತೆ ನೋಡಿಕೊಳ್ಳಿ.

ಹಾಳೆಯನ್ನು ಮಳೆ ಹಿಡಿಯುವ ಮೊದಲೇ ಆರಿಸಿಟ್ಟುಕೊಳ್ಳಬೇಕು. ಮಳೆಯಲ್ಲಿ ತೋಟದ ನೆಲಕ್ಕೆ ಬಿದ್ದು ಕೂತ ಹಾಳೆಗೆ ಕಪ್ಪು ಚುಕ್ಕೆಗಳು ಬರುತ್ತವೆ, ಅವು ಏನು ಮಾಡಿದರೂ ಹೋಗುವುದಿಲ್ಲ. ಒಣಗಿದ ಹಾಳೆಯನ್ನು ನೀರಿನಲ್ಲಿ ನೆನೆಹಾಕಿದರೆ ಚರ್ಮದಂತೆ ಬಾಗುತ್ತದೆ; ಕತ್ತರಿಸುವುದು, ತೂತು ಮಾಡುವುದು, ಹೊಲಿಯುವುದು ಎಲ್ಲವೂ ಆಗಲೇ ಮುಗಿಯಬೇಕು. ಒಣಗಿದ ಮೇಲೆ ಸೂಜಿ ಹಾಕಿದರೆ ನಾರಿನುದ್ದಕ್ಕೂ ಸೀಳು ಬಿಡುತ್ತದೆ. ದಬ್ಬಳದಿಂದ ಅಂಚಿಗಿಂತ ಒಂದು ಬೆರಳು ಒಳಗೆ ತೂತುಗಳನ್ನು ಹಾಕಿ, ಎರಡು ಅಂಚುಗಳನ್ನು ಒಂದರ ಮೇಲೊಂದು ತಂದು ಬಾಳೆ ನಾರಿನಿಂದಲೋ ದಪ್ಪ ನೂಲಿನಿಂದಲೋ ಹೊಲಿಯಿರಿ. ನಂತರ ಅದನ್ನು ಅಗಲವಾದ ಸ್ಟೀಲ್ ಡಬ್ಬಕ್ಕೆ ತೊಡಿಸಿ ಬಟ್ಟೆ ಸುತ್ತಿ ಬಿಸಿಲಿಗಿಟ್ಟರೆ ಡಬ್ಬದ ಆಕಾರದಲ್ಲೇ ಒಣಗಿ ಗಟ್ಟಿಯಾಗುತ್ತದೆ. ಹಾಳೆಯ ಒಳಮೈ ನಯವಾಗಿ, ತಿಳಿ ಬಣ್ಣದಲ್ಲಿರುತ್ತದೆ. ಅದು ಬಲ್ಬಿನ ಕಡೆಗೆ ಬರಲಿ. ಹಾಳೆಯ ಮೂಲಕ ಬೆಳಕು ಹಾಯುವುದು ಕಡಿಮೆ, ಆದ್ದರಿಂದ ಅದೇ ದಬ್ಬಳದಿಂದ ರಂಗೋಲಿಯ ಚುಕ್ಕಿಗಳಂತೆ ಸಾಲಾಗಿ ತೂತು ಹಾಕಿಕೊಳ್ಳಿ. ಈ ಹೊಲಿಗೆಗೆ ನಿಮ್ಮ ಅತ್ತೆಯವರೇ ಸರಿಯಾದ ಜನ.

ಗೋಡೆಗೆ ತೂಗುವ ಬಟ್ಟೆಯ ಬಗ್ಗೆಯೂ ಒಂದು ಮಾತು. ಮಲೆನಾಡಿನದೇ ಆದ ಹಸೆ ಚಿತ್ತಾರವಿರುವಾಗ ಬೇರೆ ವಿನ್ಯಾಸ ಏಕೆ ಎಂಬುದು ನನ್ನ ಪಕ್ಷಪಾತ. ಸಾಗರದ ಕಡೆಯ ದೀವರ ಸಮುದಾಯದ ಹೆಣ್ಣುಮಕ್ಕಳು ಮದುವೆಯ ಸಂದರ್ಭದಲ್ಲಿ ಗೋಡೆಯ ಮೇಲೆ ಬರೆಯುವ ಕಲೆಯಿದು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪು, ಹುರಿದು ಕರಿದಾದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚಕ್ಕೆ ಪುಂಡಿ ನಾರು. ನೀವು ಗೋಡೆಯನ್ನು ಮುಟ್ಟುವಂತಿಲ್ಲವಾದ್ದರಿಂದ ಕಾಡಾ ಬಟ್ಟೆಯ (ಒರಟು ಹತ್ತಿ ಬಟ್ಟೆಯ) ಮೇಲೆ ಬರೆಯಿರಿ. ಕೆಮ್ಮಣ್ಣನ್ನು ತೆಳು ಬಟ್ಟೆಯಲ್ಲಿ ಸೋಸಿ, ನೀರು ಬೆರೆಸಿದ ಫೆವಿಕಾಲಿನಲ್ಲಿ ಕಲಸಿ ಎರಡು ಸಲ ತೆಳುವಾಗಿ ಬಳಿದರೆ ಮಣ್ಣು ಉದುರುವುದಿಲ್ಲ. ಬಿಳುಪಿಗೆ ಬರಿಯ ಅಕ್ಕಿಹಿಟ್ಟು ಬೇಡ. ಮಳೆಗಾಲದಲ್ಲಿ ಜಿರಳೆ ಅದನ್ನೇ ಹುಡುಕಿಕೊಂಡು ಬರುತ್ತದೆ. ಬಿಳಿ ಅಕ್ರಿಲಿಕ್ ಬಣ್ಣದ ಸಣ್ಣ ಬಾಟಲಿಯೊಂದು ಸಾಕು. ಚಿತ್ತಾರದ ಅಂದವೆಲ್ಲ ಸಮಾನಾಂತರವಾಗಿ ಓಡುವ ಸಣ್ಣ ಗೆರೆಗಳಲ್ಲಿದೆ. ಬಣ್ಣದಲ್ಲಿ ಅದ್ದಿದ ದಾರವನ್ನು ಇಬ್ಬರು ಎರಡು ತುದಿಯಲ್ಲಿ ಬಿಗಿಹಿಡಿದು ಬಟ್ಟೆಗೆ ತಾಗಿಸಿದರೆ ನೇರವಾದ ಗೆರೆ ಸಿಗುತ್ತದೆ. ಈ ಬಟ್ಟೆಯನ್ನು ತೊಳೆಯುವಂತಿಲ್ಲ, ಒಣ ಬಟ್ಟೆಯಿಂದ ಮೆಲ್ಲಗೆ ಧೂಳು ಒರೆಸಬಹುದು ಅಷ್ಟೇ.

ಸಂತೆಪೇಟೆ (ಹಾಸನ):

ಹೆಂಚಿನಮನೆಯವರೇ, ಗೋಡೆಯಲ್ಲಿ ಈಗಾಗಲೇ ಎಲ್ಲಾದರೂ ಬೂಸ್ಟು ಇದ್ದರೆ ಗಳ ತೂಗುವ ಮೊದಲು ಅದನ್ನು ನೋಡಿಕೊಳ್ಳಿ. ಒಣ ಪೊರಕೆಯಿಂದ ಉಜ್ಜಿದರೆ ಅದರ ಪುಡಿ ಮನೆಯೆಲ್ಲ ಹಾರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಒದ್ದೆ ಬಟ್ಟೆಯಿಂದ ಮೆತ್ತಗೆ ಒರೆಸಿ, ಆ ಜಾಗ ಒಣಗಿದ ಮೇಲೆ ಮಾಲೀಕರನ್ನು ಕೇಳಿ ಅಲ್ಲಿಗಷ್ಟೇ ಒಂದು ಕೈ ಸುಣ್ಣ ಬಳಿಯಿರಿ. ಪೇಂಟಿಗೆ ಬೇಡವೆಂದವರು ಸುಣ್ಣಕ್ಕೆ ಬೇಡವೆನ್ನಲಿಕ್ಕಿಲ್ಲ. ಸುಣ್ಣ ಕಲಸುವಾಗ, ಬಳಿಯುವಾಗ ಕಣ್ಣಿಗೆ ಹಾರದಂತೆ ಎಚ್ಚರ ವಹಿಸಿ.