ಹಳೆಯ 1035 ಟ್ರ್ಯಾಕ್ಟರ್: ಹೊಸ ಪ್ಲೇಟ್ ಹಾಕಿಸಿದ ವರ್ಷದೊಳಗೇ ಕ್ಲಚ್ ಮತ್ತೆ ಜಾರುತ್ತಿದೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮದು ಸಿಂಧನೂರು ತಾಲ್ಲೂಕು, ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುತ್ತೇವೆ. ಮನೆಯಲ್ಲಿ ಮ್ಯಾಸ್ಸಿ ಫರ್ಗ್ಯುಸನ್ 1035 ಇದೆ. ತಂದೆಯವರ ಕಾಲದ ಗಾಡಿ, ಡ್ಯುಯಲ್ ಕ್ಲಚ್. ಖಾಲಿ ಟ್ರಾಲಿ ಕಟ್ಟಿಕೊಂಡು ರಸ್ತೆಯಲ್ಲಿ ಹೋಗುವಾಗ ಯಾವ ತೊಂದರೆಯೂ ಕಾಣುವುದಿಲ್ಲ. ಆದರೆ ಭತ್ತದ ಚೀಲ ತುಂಬಿ ಕಾಲುವೆಯ ಏರಿ ಹತ್ತಿಸುವಾಗಲೂ ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಗದ್ದೆ ಕೆಸರು ಮಾಡುವಾಗಲೂ ಎಂಜಿನ್ ಓಟ ಮಾತ್ರ ಏರುತ್ತದೆ, ಗಾಡಿ ಮುಂದಕ್ಕೆ ಎಳೆಯುವುದಿಲ್ಲ, ಸ್ವಲ್ಪ ಹೊತ್ತಿಗೆ ಸುಟ್ಟ ವಾಸನೆ ಬರುತ್ತದೆ. ಕಳೆದ ವರ್ಷವೇ ಹೊಸ ಪ್ಲೇಟ್ ಹಾಕಿಸಿದ್ದೆವು. ಪಿಟಿಒಗೆ, ಅಂದರೆ ಬೇರೆ ಯಂತ್ರ ಓಡಿಸಲು ಗಾಡಿಯ ಹಿಂದೆ ಇರುವ ಶಾಫ್ಟಿಗೆ, ಪಂಪ್ ಜೋಡಿಸಿದರೆ ಅದು ಎಂದಿನಂತೆಯೇ ನೀರೆತ್ತುತ್ತದೆ. ಗೇರ್ ಬಾಕ್ಸ್ ಕೂಡ ಬಿಚ್ಚಬೇಕಾಗುತ್ತದೆ ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಅಷ್ಟು ಖರ್ಚಿಗೆ ಕೈಹಾಕುವ ಮುಂಚೆ, ದೋಷ ಎಲ್ಲಿದೆ ಎಂದು ಹೊರಗಿನಿಂದಲೇ ತಿಳಿಯುವ ದಾರಿ ಇದೆಯೇ?

ಉತ್ತರ

ನಮಸ್ಕಾರ. ದಾರಿ ಇದೆ, ಮತ್ತು ನಿಮ್ಮ ಪತ್ರದಲ್ಲೇ ಒಂದು ಮುಖ್ಯ ಸುಳಿವೂ ಇದೆ. ಡ್ಯುಯಲ್ ಕ್ಲಚ್ಚಿನಲ್ಲಿ ಎರಡು ಪ್ಲೇಟ್‌ಗಳಿರುತ್ತವೆ: ಫ್ಲೈವೀಲಿಗೆ (ಎಂಜಿನ್ನಿನ ಹಿಂಬದಿಯಲ್ಲಿ ತಿರುಗುವ ಭಾರದ ಚಕ್ರ) ತಾಗಿ ಕೂರುವ ದೊಡ್ಡ ಪ್ಲೇಟ್ ಚಕ್ರಗಳಿಗೆ ಶಕ್ತಿ ಕೊಡುತ್ತದೆ, ಅದರ ಹಿಂದಿನ ಸಣ್ಣ ಪ್ಲೇಟ್ ಪಿಟಿಒಗೆ ಕೊಡುತ್ತದೆ. ಪಿಟಿಒ ಸರಿಯಾಗಿದ್ದು ಚಕ್ರಗಳು ಮಾತ್ರ ಸೋಲುತ್ತಿರುವುದರಿಂದ ಅನುಮಾನ ಮೊದಲು ದೊಡ್ಡ ಪ್ಲೇಟಿನ ಮೇಲೆ ಹೋಗುತ್ತದೆ. ಸುಟ್ಟ ವಾಸನೆಯೂ ಅದನ್ನೇ ಹೇಳುತ್ತದೆ. ಗೇರಿನ ಹಲ್ಲು ಮುರಿದಿದ್ದರೆ ಸದ್ದು ಬರುತ್ತಿತ್ತೇ ಹೊರತು ಈ ವಾಸನೆ ಬರುತ್ತಿರಲಿಲ್ಲ.

ಮೊದಲು ಪೆಡಲಿನ ಸಡಿಲು ನೋಡಿ. ಎಂಜಿನ್ ಆರಿಸಿ ಪೆಡಲನ್ನು ಕೈಯಲ್ಲಿ ಒತ್ತಿದಾಗ, ಬಿಗಿ ಸಿಗುವ ಮುಂಚೆ ಅದು ಸ್ವಲ್ಪ ದೂರ ಹಗುರವಾಗಿ ಚಲಿಸಬೇಕು. ಇಂಥ ಟ್ರ್ಯಾಕ್ಟರುಗಳಲ್ಲಿ ಇದು ಸಾಮಾನ್ಯವಾಗಿ 20ರಿಂದ 25 ಮಿ.ಮೀ. ಇರುತ್ತದೆ, ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ. ಪ್ಲೇಟ್ ಸವೆದಂತೆ ಕ್ಲಚ್ಚಿನ ಫಿಂಗರುಗಳು (ಒತ್ತಿದಾಗ ಪ್ಲೇಟನ್ನು ಬಿಡಿಸುವ ಸಣ್ಣ ಲಿವರುಗಳು) ರಿಲೀಸ್ ಬೇರಿಂಗ್ (ಪೆಡಲ್ ತುಳಿದಾಗ ಅವನ್ನು ಒತ್ತುವ ಬೇರಿಂಗ್) ಕಡೆಗೆ ಸರಿಯುತ್ತವೆ, ಆದ್ದರಿಂದ ಈ ಸಡಿಲು ತಾನಾಗಿಯೇ ಕಡಿಮೆಯಾಗುತ್ತ ಹೋಗುತ್ತದೆ. ಅದು ಪೂರ್ತಿ ಇಲ್ಲವಾದರೆ ಬೇರಿಂಗ್ ಸದಾ ಫಿಂಗರುಗಳನ್ನು ಒತ್ತಿಕೊಂಡೇ ಇರುತ್ತದೆ, ಆಗ ಹೊಸ ಪ್ಲೇಟ್ ಕೂಡ ಜಾರುತ್ತದೆ. ನಿಮ್ಮ ಅದೃಷ್ಟ ಚೆನ್ನಾಗಿದ್ದರೆ ಪೆಡಲಿನ ರಾಡ್ ಹೊಂದಿಸುವುದರಲ್ಲೇ ಕೆಲಸ ಮುಗಿಯುತ್ತದೆ.

ಎರಡನೆಯದು ಜಾರುವಿಕೆಯ ಪರೀಕ್ಷೆ. ಮುಂದೆ ಯಾರೂ ನಿಲ್ಲದಂತೆ ನೋಡಿಕೊಂಡು, ಸಮತಟ್ಟಾದ ಬಯಲಿನಲ್ಲಿ ಎರಡೂ ಬ್ರೇಕ್ ಪೆಡಲುಗಳನ್ನು ಕೂಡಿಸಿ ಬಲವಾಗಿ ಒತ್ತಿ ಹಿಡಿಯಿರಿ. ಹೈ-ಲೋ ಲಿವರನ್ನು (ಗೇರುಗಳ ವೇಗದ ಶ್ರೇಣಿ ಬದಲಿಸುವ ಲಿವರ್) ಹೈಗೆ ಹಾಕಿ, ಮೂರನೆಯ ಗೇರಿನಲ್ಲಿ, ಎಂಜಿನ್ನನ್ನು ಮಧ್ಯಮ ಓಟದಲ್ಲಿಟ್ಟು ಕ್ಲಚ್ಚನ್ನು ನಿಧಾನವಾಗಿ ಬಿಡಿ. ಕ್ಲಚ್ ಗಟ್ಟಿ ಇದ್ದರೆ ಎಂಜಿನ್ ತಿಣುಕಿ ನಿಂತುಹೋಗುತ್ತದೆ. ಗಾಡಿಯೂ ಚಲಿಸದೆ ಎಂಜಿನ್ ಕೂಡ ನಿಲ್ಲದೆ ಓಡುತ್ತಲೇ ಇದ್ದರೆ ಪ್ಲೇಟ್ ಜಾರುತ್ತಿದೆ ಎಂದೇ ಅರ್ಥ. ಎರಡು ಮೂರು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಪದೇ ಪದೇ ಮಾಡಲೂ ಬೇಡಿ, ಏಕೆಂದರೆ ಪ್ರತಿ ಸಲವೂ ಫ್ಲೈವೀಲ್ ಬಿಸಿಯಾಗುತ್ತದೆ.

ಮೂರನೆಯದನ್ನು ದಯವಿಟ್ಟು ಬಿಡಬೇಡಿ. ಕ್ಲಚ್ ಹೌಸಿಂಗಿನ ತಳದಲ್ಲಿ ಒಂದು ಸಣ್ಣ ತೂತು, ಅದರಲ್ಲಿ ಸಡಿಲವಾಗಿ ತೂಗುವ ಸ್ಪ್ಲಿಟ್ ಪಿನ್ ಇರುತ್ತದೆ. ಒಳಗೆ ಸೋರಿದ ಎಣ್ಣೆ ಹೊರಬರಲೆಂದೇ ಆ ತೂತು ಇರುವುದು. ಅದು ಮುಚ್ಚಿಹೋಗದಿರಲೆಂದು ಪಿನ್ ಇಟ್ಟಿರುತ್ತಾರೆ. ಕೆಸರು ಗದ್ದೆಯ ಗಾಡಿಗಳಲ್ಲಿ ಅದು ಮಣ್ಣು ಮೆತ್ತಿಕೊಂಡು ಕಟ್ಟಿಹೋಗುತ್ತದೆ, ಆಗ ಎಣ್ಣೆ ಒಳಗೇ ನಿಂತು ಪ್ಲೇಟಿಗೆ ಎರಚುತ್ತದೆ. ಪಿನ್ ಆಡಿಸಿ ಸ್ವಚ್ಛ ಮಾಡಿ, ಕೆಳಗೆ ರಟ್ಟು ಹಾಸಿ, ಏನು ತೊಟ್ಟಿಕ್ಕುತ್ತದೆ ನೋಡಿ. ಕಪ್ಪಗೆ ತೆಳ್ಳಗಿದ್ದರೆ ಅದು ಎಂಜಿನ್ ಎಣ್ಣೆ, ಹಿಂದಿನ ಕ್ರ್ಯಾಂಕ್ ಸೀಲಿನಿಂದ (ಎಂಜಿನ್ನಿನ ಮುಖ್ಯ ಶಾಫ್ಟಿನ ಹಿಂತುದಿಯಲ್ಲಿ ಎಣ್ಣೆ ತಡೆಯುವ ಸೀಲ್) ಬಂದದ್ದು. ಅಷ್ಟು ಕಪ್ಪಾಗಿರದೆ ದಪ್ಪಗಿದ್ದು ಕಟು ವಾಸನೆ ಇದ್ದರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಸೀಲನ್ನು ಅನುಮಾನಿಸಬೇಕು. ಹೊಸ ಪ್ಲೇಟ್ ಒಂದೇ ವರ್ಷಕ್ಕೆ ಹೋಗಿದೆ ಎನ್ನುವಾಗ ನನ್ನ ಮನಸ್ಸು ಮೊದಲು ಎಣ್ಣೆಯ ಕಡೆಗೇ ಹೋಗುತ್ತದೆ.

ಮತ್ತೊಬ್ಬರ ಉತ್ತರ

ಮೇಲಿನ ಮಾತಿಗೆ ಒಂದು ಸೇರಿಕೆ. ಮುಂದೆ ಎಂದಾದರೂ ಪಿಟಿಒ ತಿರುಗುತ್ತಿದ್ದು ಗಾಡಿ ಯಾವ ಗೇರಿನಲ್ಲೂ ಸ್ವಲ್ಪವೂ ಕದಲದೆ ಹೋದರೆ, ಕ್ಲಚ್ ಎಂದು ತೀರ್ಮಾನಿಸುವ ಮುಂಚೆ ಹೈ-ಲೋ ಲಿವರ್ ನ್ಯೂಟ್ರಲ್‌ಗೆ ಜಾರಿದೆಯೇ ನೋಡಿ. ಹಳೆಯ ಗಾಡಿಗಳಲ್ಲಿ ಅದು ತಾನಾಗಿ ಹಾರುವುದುಂಟು. ಆಮೇಲೆ ಡಿಫರೆನ್ಷಿಯಲ್ ಲಾಕ್ (ಹಿಂದಿನ ಎರಡೂ ಚಕ್ರ ಒಟ್ಟಿಗೆ ತಿರುಗುವಂತೆ ಮಾಡುವ ಲಾಕ್) ಒತ್ತಿ ಪ್ರಯತ್ನಿಸಿ. ಲಾಕ್ ಹಾಕಿದಾಗ ಮಾತ್ರ ಗಾಡಿ ಚಲಿಸಿದರೆ ಒಂದು ಕಡೆಯ ಆ್ಯಕ್ಸಲ್ ಶಾಫ್ಟ್ ತುಂಡಾಗಿರುವ ಸಾಧ್ಯತೆಯೇ ಹೆಚ್ಚು, ಕ್ಲಚ್ಚಿಗೂ ಅದಕ್ಕೂ ಸಂಬಂಧವಿಲ್ಲ. ಈಗಿನ ಲಕ್ಷಣಗಳು ಹಾಗಿಲ್ಲ, ಆದರೂ ತಿಳಿದಿರುವುದು ಒಳ್ಳೆಯದು.

ಪ್ರಶ್ನಿಸಿದವರಿಂದ

ಇಬ್ಬರಿಗೂ ಧನ್ಯವಾದಗಳು. ಪೆಡಲಿನ ಸಡಿಲು ಸರಿಯಾಗಿಯೇ ಇದೆ. ಬ್ರೇಕ್ ಹಿಡಿದು ಪರೀಕ್ಷಿಸಿದಾಗ ಎಂಜಿನ್ ನಿಲ್ಲಲಿಲ್ಲ. ತೂತು ಪೂರ್ತಿ ಮಣ್ಣಿನಿಂದ ಕಟ್ಟಿತ್ತು; ತಂತಿ ಹಾಕಿ ಬಿಡಿಸಿದ ಕೂಡಲೇ ಕಪ್ಪು ಎಣ್ಣೆ ಸುರಿಯಿತು. ಅರ್ಧ ಪೆಡಲ್ ಒತ್ತಿದರೆ ಗಾಡಿ ನಿಂತು ಪಿಟಿಒ ತಿರುಗುತ್ತದೆ, ಪೂರ್ತಿ ಒತ್ತಿದರೆ ಪಿಟಿಒ ಕೂಡ ನಿಲ್ಲುತ್ತದೆ. ಈಗ ಪ್ಲೇಟ್ ಮಾತ್ರ ಬದಲಿಸಿದರೆ ಸಾಕೇ?

ಉತ್ತರ

ಸಾಲದು. ಕ್ರ್ಯಾಂಕ್ ಸೀಲ್ ಬದಲಿಸದೆ ಪ್ಲೇಟ್ ಹಾಕಿಸಿದರೆ ಮುಂದಿನ ವರ್ಷವೂ ಇದೇ ಕಥೆ. ಎರಡೂ ಹಂತಗಳು ಸರಿಯಾಗಿ ಬಿಡುತ್ತಿರುವುದರಿಂದ ಪೆಡಲಿನ ಒತ್ತು ರಿಲೀಸ್ ಬೇರಿಂಗಿಗೆ ಮುಟ್ಟಿಸುವ ಲಿಂಕೇಜ್ ಮತ್ತು ಫೋರ್ಕ್ ಸದ್ಯಕ್ಕೆ ಸರಿ ಇವೆ, ಗೇರ್ ಬಾಕ್ಸ್ ಬಿಚ್ಚುವ ಕಾರಣ ನನಗೆ ಕಾಣುವುದಿಲ್ಲ. ಎಂಜಿನ್ನನ್ನು ಗೇರ್ ಬಾಕ್ಸಿನಿಂದ ಬೇರ್ಪಡಿಸುವುದಂತೂ ತಪ್ಪದು. ಹಾಗೆ ಮಾಡುವಾಗ ಮುಂದಿನ ಆ್ಯಕ್ಸಲ್ ಮತ್ತು ಅದರ ಬೀಮಿನ ನಡುವೆ ಎರಡೂ ಬದಿ ಮರದ ಬೆಣೆ ಬಡಿಯಲೇಬೇಕು. ಇಲ್ಲದಿದ್ದರೆ ಬಿಡಿಸಿದ ಕ್ಷಣ ಎಂಜಿನ್ ಪಕ್ಕಕ್ಕೆ ವಾಲಿ ಜೀವಕ್ಕೇ ಅಪಾಯವಾಗಬಹುದು. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಲು ಬಿಡಬೇಡಿ, ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಿಂದ ಒರೆಸಿ.

ಹಳೆಯ ಪರ್ಕಿನ್ಸ್ ವಿನ್ಯಾಸದ ಮೂರು ಸಿಲಿಂಡರಿನ ಎಂಜಿನ್ನುಗಳಲ್ಲಿ ಹಿಂದಿನ ಸೀಲ್ ಹಗ್ಗದಂಥದ್ದು, ಎರಡು ಹೋಳಿನ ಕವಚದೊಳಗೆ ಕೂರುತ್ತದೆ. ಅದನ್ನು ಕೂರಿಸಲು ತಾಳ್ಮೆ ಬೇಕು, ಆ ಕೆಲಸ ಬಲ್ಲವರಿಗೇ ಕೊಡಿ. ಜೊತೆಗೆ ಎಂಜಿನ್ನಿನ ಬ್ರೀದರ್ (ಒಳಗಿನ ಗಾಳಿ ಹೊರಹೋಗುವ ದಾರಿ) ಕಟ್ಟಿದೆಯೇ ನೋಡಿಸಿ. ಕಟ್ಟಿದ್ದರೆ ಒಳಗಿನ ಒತ್ತಡ ಹೆಚ್ಚಿ ಹೊಸ ಸೀಲಿನಿಂದಲೂ ಎಣ್ಣೆಯನ್ನು ಹೊರದೂಡುತ್ತದೆ. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ, ಲೈನಿಂಗ್ ಹೀರಿಕೊಂಡ ಎಣ್ಣೆ ಬಿಸಿಯಾದಾಗ ಮತ್ತೆ ಮೇಲೆ ಬರುತ್ತದೆ. ಫ್ಲೈವೀಲಿನ ಮುಖದಲ್ಲಿ ನೀಲಿ ಕಲೆ ಅಥವಾ ಕೂದಲೆಳೆಯ ಬಿರುಕು ಇದ್ದರೆ ಲೇತಿಗೆ ಕೊಡುವುದೋ ಬದಲಿಸುವುದೋ ಎಂದು ನೋಡಬೇಕಾಗುತ್ತದೆ. ಗಾಡಿ ಹೇಗೂ ಬಿಚ್ಚಿರುತ್ತದೆ. ರಿಲೀಸ್ ಬೇರಿಂಗನ್ನೂ ಫ್ಲೈವೀಲ್ ನಡುವಿನ ಪೈಲಟ್ ಬೇರಿಂಗನ್ನೂ ಈಗಲೇ ಹೊಸದು ಹಾಕಿಸಿ. ಮತ್ತೆ ಜೋಡಿಸುವಾಗ ಎರಡೂ ಪ್ಲೇಟುಗಳನ್ನು ಡಮ್ಮಿ ಶಾಫ್ಟ್ (ಜೋಡಣೆಗಷ್ಟೇ ಬಳಸುವ ಶಾಫ್ಟ್) ತೂರಿಸಿ ನಡುವಿಗೆ ತರಬೇಕು, ಫಿಂಗರುಗಳ ಎತ್ತರ ಸಮನಾಗಿರಬೇಕು. ಕೊನೆಗೆ ಪೆಡಲಿನ ಸಡಿಲನ್ನು ಹೊಸದಾಗಿ ಹೊಂದಿಸಿ, ಮೊದಲ ಕೆಲವು ದಿನಗಳ ದುಡಿತದ ನಂತರ ಇನ್ನೊಮ್ಮೆ ಅಳೆಯಿರಿ. ಗದ್ದೆಯಿಂದ ಗಾಡಿ ಹೊರಬಂದಾಗಲೆಲ್ಲ ಆ ಸ್ಪ್ಲಿಟ್ ಪಿನ್ನನ್ನು ಒಮ್ಮೆ ಆಡಿಸಿ ನೋಡಲು ಚಾಲಕರಿಗೆ ಹೇಳಿ.