ಲೊಕಾರ್ನೊ ಆದಮೇಲೂ ಜರ್ಮನಿ ಪೋಲೆಂಡ್ ಗಡಿಯನ್ನು ಯಾಕೆ ಒಪ್ಪಲಿಲ್ಲ?

ಗಡಿಕಲ್ಲು: 1925ರ ಅಕ್ಟೋಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಆದ ಒಪ್ಪಂದದಲ್ಲಿ ಫ್ರಾನ್ಸ್, ಬೆಲ್ಜಿಯಂ ಗಡಿಗಳಿಗೆ ಖಾತರಿ ಕೊಟ್ಟ ಜರ್ಮನಿ, ಅದೇ ವರ್ಷ ಪೋಲೆಂಡ್ ಮೇಲೆ ಸುಂಕದ ಸಮರ ಹೂಡಿತ್ತು. ಮೊದಲ ಮಹಾಯುದ್ಧದಲ್ಲಿ ಸೋತ ಮೇಲೆ ಹೊಸ ನೆರೆದೇಶಗಳ ಬಗ್ಗೆ ವೈಮರ್ ಸರ್ಕಾರಕ್ಕೆ (ಹಿಟ್ಲರ್‌ಗಿಂತ ಮುಂಚಿನ ಜರ್ಮನ್ ಗಣರಾಜ್ಯ) ಒಂದೇ ನೀತಿ ಇತ್ತಾ? ಲಿಥುವೇನಿಯಾಕ್ಕೂ ಇದೇ ಧೋರಣೆಯಾ?

ಹಳೇ ನಕಾಶೆ: ಪೂರ್ವದ ಗಡಿಗೆ ಲೊಕಾರ್ನೊದಲ್ಲಿ ಸಿಕ್ಕಿದ್ದು ಬರೀ ಮಧ್ಯಸ್ಥಿಕೆ ಒಪ್ಪಂದ, ಖಾತರಿಯಲ್ಲ. ಅದು ಬೇಕೆಂದೇ ಬಿಟ್ಟ ಕಿಂಡಿ. ಬಂದರು ನಗರ ಡಾನ್‌ಜಿಗ್, ಪೋಲೆಂಡ್‌ಗೆ ಸಮುದ್ರದ ದಾರಿಯಾಗಿ ಕೊಟ್ಟ ಕಾರಿಡಾರ್, ಕಲ್ಲಿದ್ದಲಿನ ಮೇಲ್ ಸೈಲೀಷಿಯಾ ವಾಪಸ್ ಬರಬೇಕು ಎಂದು ವಿದೇಶಾಂಗ ಸಚಿವ ಸ್ಟ್ರೆಸೆಮನ್ ಆ ಸೆಪ್ಟೆಂಬರ್‌ನಲ್ಲೇ ಮಾಜಿ ಯುವರಾಜನಿಗೆ ಪತ್ರ ಬರೆದಿದ್ದರು. ಶಾಂತಿ ಒಪ್ಪಂದದ ಪ್ರಕಾರ ಜರ್ಮನ್ ಸೇನೆಗೆ 1 ಲಕ್ಷ ಸೈನಿಕರ ಮಿತಿ ಇದ್ದಾಗ ಕೈಯಲ್ಲಿ ಉಳಿದಿದ್ದು ವ್ಯಾಪಾರವೊಂದೇ.

ಕಲ್ಲಿದ್ದಲು: ಆ ವ್ಯಾಪಾರದ ಲೆಕ್ಕ ಹೀಗೆ. ಯುದ್ಧ ಗೆದ್ದ ದೇಶಗಳಿಗೆ ಜರ್ಮನಿ ಏಕಪಕ್ಷೀಯವಾಗಿ ಕೊಡಬೇಕಿದ್ದ ಸುಂಕದ ರಿಯಾಯಿತಿ 1925ರ ಜನವರಿ 10ಕ್ಕೆ ಮುಗಿಯಿತು. ಪೋಲೆಂಡ್ ಪಾಲಿನ ಸೈಲೀಷಿಯಾದಿಂದ ತಿಂಗಳಿಗೆ 5 ಲಕ್ಷ ಟನ್ ಕಲ್ಲಿದ್ದಲು ಸುಂಕವಿಲ್ಲದೆ ಬಿಟ್ಟುಕೊಳ್ಳುವ ಕರಾರು ಜೂನ್‌ನಲ್ಲಿ ಮುಗಿಯಿತು. ಬರ್ಲಿನ್ ಬಾಗಿಲು ಹಾಕಿತು. ಪೋಲೆಂಡ್ ರಫ್ತಿನಲ್ಲಿ ಜರ್ಮನಿಯದೇ ಶೇ. 40ರಷ್ಟು ಪಾಲು, ಅದರ ನಾಣ್ಯ ಜ್ಲಾಟಿ ಕುಸಿದರೆ ವಾರ್ಸಾ ತಾನಾಗಿ ದಾರಿಗೆ ಬರುತ್ತದೆ ಅನ್ನುವ ಎಣಿಕೆ. ಜ್ಲಾಟಿ ಕುಸಿಯಿತು, ನವೆಂಬರ್‌ನಲ್ಲಿ ಪ್ರಧಾನಿ ಗ್ರಾಬ್ಸ್ಕಿಯ ಸರ್ಕಾರವೂ ಬಿತ್ತು, ಗಡಿ ಮಾತ್ರ ಒಂದಿಂಚೂ ಕದಲಲಿಲ್ಲ. 1926ರಲ್ಲಿ ಬ್ರಿಟನ್ನಿನ ಗಣಿ ಕಾರ್ಮಿಕರು ತಿಂಗಳುಗಟ್ಟಲೆ ಕೆಲಸ ನಿಲ್ಲಿಸಿದಾಗ ಸ್ಕ್ಯಾಂಡಿನೇವಿಯಾದ ಮಾರುಕಟ್ಟೆಗೆ ಪೋಲಿಷ್ ಕಲ್ಲಿದ್ದಲು ನುಗ್ಗಿತು. ಡಾನ್‌ಜಿಗ್‌ನ ಹಂಗು ತಪ್ಪಿಸಲು ಪೋಲೆಂಡಿನದೇ ಆದ ಗ್ಡಿನ್ಯಾ ಬಂದರು ಬೆಳೆಯಿತು. ಒತ್ತಡ ಹಾಕಿದವರೇ ಎದುರಾಳಿಗೆ ಬೇರೆ ದಾರಿ ಹುಡುಕಿಕೊಟ್ಟಂತಾಯಿತು. ಸಮರ ನಿಂತದ್ದು 1934ರ ಮಾರ್ಚ್‌ನಲ್ಲಿ, ಅದೂ ಹಿಟ್ಲರ್ ಕಾಲದಲ್ಲಿ!

ಹಳೇ ನಕಾಶೆ: ಲಿಥುವೇನಿಯಾದ ಕಥೆ ಪೂರಾ ಬೇರೆ. 1923ರ ಜನವರಿಯಲ್ಲಿ ಅದು ಯುದ್ಧಕ್ಕೆ ಮುಂಚೆ ಜರ್ಮನಿಯದಾಗಿದ್ದ ಮೇಮೆಲ್ ಬಂದರು ಪ್ರದೇಶವನ್ನು ಕಬಳಿಸಿದರೂ ಬರ್ಲಿನ್ ದೊಡ್ಡ ಗಲಾಟೆ ಮಾಡಲಿಲ್ಲ. ಪೋಲೆಂಡ್ ಕೈಯಲ್ಲಿದ್ದ ವಿಲ್ನಾ ನಗರದ ವಿಚಾರಕ್ಕೆ ಅದರ ಜತೆ ಹಗೆ ಕಟ್ಟಿಕೊಂಡಿದ್ದ ದೇಶವನ್ನು ಕೆಣಕಿದರೆ ಲಾಭ ವಾರ್ಸಾಕ್ಕೆ ತಾನೇ? 1928ರ ಜನವರಿಯಲ್ಲಿ ಗಡಿ ಒಪ್ಪಂದಕ್ಕೆ ಸಹಿಯೂ ಬಿತ್ತು. ಪೋಲೆಂಡ್‌ಗೆ ಕೊಡದ ಮಾತನ್ನು ಲಿಥುವೇನಿಯಾಕ್ಕೆ ಕೊಟ್ಟಿದ್ದು ಪ್ರೀತಿಯಿಂದ ಅಂತ ಯಾರೂ ತಿಳಿಯಬೇಡಿ.

ಗಡಿಕಲ್ಲು: ಚೆಕೊಸ್ಲೊವಾಕಿಯಾ? ಅಲ್ಲೂ 30 ಲಕ್ಷಕ್ಕೂ ಹೆಚ್ಚು ಜರ್ಮನ್ನರಿದ್ದರಲ್ಲ?

ಕಲ್ಲಿದ್ದಲು: ಇದ್ದರು. ಆದರೆ ಅದು ಆಸ್ಟ್ರಿಯಾ ಕಳೆದುಕೊಂಡ ನೆಲ, 1871ರ ಜರ್ಮನ್ ಸಾಮ್ರಾಜ್ಯದ್ದಲ್ಲ. ಅಲ್ಲಿಗೂ ಲೊಕಾರ್ನೊದಲ್ಲಿ ಸಿಕ್ಕಿದ್ದು ಮಧ್ಯಸ್ಥಿಕೆ ಒಪ್ಪಂದವೇ, ಆದರೆ ಸುಂಕದ ಸಮರ ಇರಲಿಲ್ಲ. 1926ರಲ್ಲಿ ಅಲ್ಲಿನ ಜರ್ಮನ್ ಪಕ್ಷಗಳೇ ಪ್ರಾಗ್ ಸಂಪುಟ ಸೇರಿದವು. ಬರ್ಲಿನ್ ಅಡ್ಡ ಬರಲಿಲ್ಲ.